ದುರ್ಗದ ಬಂಡೆಗೆ ಕಪ್ಪು ಬಣ್ಣ ಬೇಡ

ಜಲವರ್ಣ ಕಲಿಯುತ್ತಿರುವವರನ್ನು ಚಿತ್ರದುರ್ಗದ ಕೋಟೆಯೊಳಗೆ ಕೂರಿಸಿದರೆ ಹೆಚ್ಚಿನವರು ಮೊದಲು ಹಿಂಡುವುದು ಕಪ್ಪು ಟ್ಯೂಬನ್ನು. ಬಂಡೆ ಎಂದರೆ ಕಪ್ಪು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಮೊನ್ನೆ ಭಾನುವಾರ ದಾವಣಗೆರೆಯಿಂದ ಬಂದಿದ್ದ ಹವ್ಯಾಸಿಗಳ ಗುಂಪಿನಲ್ಲೂ ಅದೇ ಆಯಿತು. ಎದುರಿಗಿದ್ದ ಬಂಡೆಯೋ, ಬೆಳಗಿನ ಬಿಸಿಲಿಗೆ ತೆಳು ಬೂದಿ, ಅಲ್ಲಲ್ಲಿ ಗುಲಾಬಿ ಛಾಯೆ. ಮಳೆನೀರು ಇಳಿದ ಜಾಡಿನಲ್ಲಷ್ಟೇ ಕಪ್ಪು ಪಟ್ಟೆ. ಕಾಗದದ ಮೇಲೆ ಮಾತ್ರ ಎಲ್ಲವೂ ಇದ್ದಿಲು.

ಗುಂಪಿನಲ್ಲಿ ಶಾಲಾ ದಿನಗಳಲ್ಲೇ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಮುಗಿಸಿದವರಿದ್ದರು. ಮೇಜಿನ ಮೇಲಿನ ತಂಬಿಗೆ, ಪೆಟ್ಟಿಗೆಯನ್ನು ತಪ್ಪಿಲ್ಲದೆ ಬಿಡಿಸಬಲ್ಲವರು. ಬಯಲಿಗೆ ಬಂದರೆ ಅವರಿಗೂ ತಡಬಡಿಕೆ. ಕೈ ಪಳಗಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಡುತ್ತಿರುವುದು ಎರಡೇ ಕಡೆ: ಕಣ್ಣು ಬಣ್ಣ ನೋಡುತ್ತದೆ, ನೆರಳು-ಬೆಳಕಿನ ಮಟ್ಟ ನೋಡುವುದಿಲ್ಲ, ಬ್ರಷ್‌ನಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಇರುವುದಿಲ್ಲ.

ಚೀಲದಲ್ಲಿ ಏನಿರಬೇಕು ಎಂಬುದರಿಂದ ಶುರುಮಾಡುವುದು ಒಳ್ಳೆಯದು. ಸಾಮಾನ್ಯ ಡ್ರಾಯಿಂಗ್ ಶೀಟ್ ಜಲವರ್ಣಕ್ಕೆ ಆಗದು. ನೀರು ಬಿದ್ದ ಕೂಡಲೇ ಉಬ್ಬುತ್ತದೆ, ಉಬ್ಬಿನ ನಡುವಿನ ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ, ಒಣಗಿದ ಮೇಲೆ ಆಕಾಶದ ತುಂಬ ಪಟ್ಟೆ ಪಟ್ಟೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದವೇ ಬೇಕು. ಹತ್ತಿಯಿಂದ ಮಾಡಿದ್ದು ಸಿಕ್ಕರೆ ಇನ್ನೂ ಮೇಲು, ಹೆಚ್ಚು ಹೊತ್ತು ಹಸಿಯಾಗಿರುತ್ತದೆ. ದುಬಾರಿ ಅನ್ನಿಸಿದರೆ 22×30 ಇಂಚಿನ ಪೂರ್ತಿ ಹಾಳೆ ಕೊಂಡು ಎಂಟು ತುಂಡು ಮಾಡಿ. ಒಂದೊಂದು 7.5×11 ಇಂಚು ಬರುತ್ತದೆ, ಕಲಿಯುವವರಿಗೆ ಅದಕ್ಕಿಂತ ದೊಡ್ಡದು ಬೇಕಿಲ್ಲ. ರಟ್ಟಿನಲ್ಲಿ 7.5×11 ಸೆಂಟಿಮೀಟರಿನ ಕಿಂಡಿಯೊಂದನ್ನು ಕತ್ತರಿಸಿ ಇಟ್ಟುಕೊಂಡರೆ ಕಾಗದದ ಅಳತೆಗೆ ಸರಿಹೊಂದುವ ಚೌಕಟ್ಟು ಸಿದ್ಧ. ಕಣ್ಣ ಮುಂದೆ ಹಿಡಿದು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಅದಿಲ್ಲದೆ ಆಗುವುದಿಲ್ಲ. ಕೋಟೆಯಲ್ಲಿ ನೋಡಿದ ಕಡೆಯೆಲ್ಲ ಚಿತ್ರವೇ. ಏಳೂ ಸುತ್ತನ್ನು ಒಂದೇ ಹಾಳೆಯಲ್ಲಿ ತುರುಕಲು ಹೋಗಿ ಯಾವುದೂ ಆಗದೆ ಎದ್ದು ಬರುವವರೇ ಜಾಸ್ತಿ.

ಬ್ರಷ್ ಎರಡು ಸಾಕು, 10 ಮತ್ತು 6 ನಂಬರಿನ ರೌಂಡ್. ಆಕಾಶಕ್ಕೆ ಬೇಕಿದ್ದರೆ ಒಂದಿಂಚಿನ ಫ್ಲಾಟ್. ನೀರಿಗೆ ಎರಡು ಡಬ್ಬಿ: ಒಂದು ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಒಂದೇ ಡಬ್ಬಿ ಇಟ್ಟುಕೊಂಡವರ ಹಳದಿ ಹತ್ತು ನಿಮಿಷದಲ್ಲಿ ಕೆಸರು. ಕುಡಿಯುವ ನೀರನ್ನು ಬಿಟ್ಟು ಒಂದು ಲೀಟರ್ ಬೇರೆ ತನ್ನಿ, ಹೊಂಡದ ನೀರಿಗೆ ಇಳಿಯಬೇಡಿ. ಹನ್ನೆರಡು ಬಣ್ಣದ ಪೆಟ್ಟಿಗೆಯಲ್ಲಿ ಕಪ್ಪು, ಬಿಳಿ ಟ್ಯೂಬುಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಹೇಳುವುದೇ ನನಗೆ ವಾಡಿಕೆ. ಕಾಗದದ ಬಿಳಿಯೇ ಬಿಳಿ. ಅದನ್ನು ಮೊದಲೇ ಉಳಿಸಿಕೊಳ್ಳಬೇಕು, ಆಮೇಲೆ ಹಚ್ಚಿದ ಬಿಳಿ ಸುಣ್ಣ ಮೆತ್ತಿದ ಹಾಗೆ ಕಾಣುತ್ತದೆ.

ಕೂರುವ ಜಾಗ ಚಿತ್ರದ ಅರ್ಧ. ಕೋಟೆಯ ಬಾಗಿಲುಗಳ ದಾರಿ ಸೊಟ್ಟಗೆ ತಿರುಗುತ್ತದೆ. ದಾಳಿಗೆ ಬಂದವರಿಗೆ ನೇರ ನುಗ್ಗಲು ಆಗಬಾರದೆಂದು ಹಾಗೆ ಕಟ್ಟಿದ್ದು. ಚಿತ್ರ ಬಿಡಿಸುವವರಿಗೂ ಅದು ತೊಂದರೆಯೇ, ಹಿಂದೆ ಸರಿದು ನೋಡಲು ಜಾಗ ಸಿಗದು. ಗೋಡೆಯನ್ನು ಕತ್ತೆತ್ತಿ ನೋಡುತ್ತ ಬಿಡಿಸಿದರೆ ಗೆರೆಗಳೆಲ್ಲ ಮೇಲಕ್ಕೆ ಹೋಗುತ್ತ ಕಿರಿದಾಗುತ್ತವೆ, ಹೊಸಬರು ಇದರಲ್ಲಿ ಗಲಿಬಿಲಿಯಾಗುತ್ತಾರೆ. ಮೇಲುದುರ್ಗದ ಬಯಲಿಗೆ ಹೋಗಿ ದೀಪಸ್ತಂಭ, ಉಯ್ಯಾಲೆ ಕಂಬದ ಕಡೆ ಮುಖಮಾಡಿ ಕೂರುವುದು ಸಲೀಸು. ಕೂತವರ ಕಾಗದ ನೆರಳಿನಲ್ಲಿರಬೇಕು, ಇದು ಕಡ್ಡಾಯ. ಬಿಸಿಲು ಬಿದ್ದ ಬಿಳಿ ಹಾಳೆ ಕಣ್ಣು ಕೋರೈಸುತ್ತದೆ, ಹಚ್ಚಿದ್ದೆಲ್ಲ ತೆಳುವಾಗಿ ಕಾಣುತ್ತದೆ, ಇನ್ನೂ ಇನ್ನೂ ಗಾಢ ಮಾಡುತ್ತ ಹೋಗುತ್ತೇವೆ. ಮನೆಗೆ ಬಂದು ನೋಡಿದರೆ ಚಿತ್ರ ಕತ್ತಲು. ಕೊಡೆ ಹಿಡಿಯುವುದಾದರೆ ಕಪ್ಪು ಕೊಡೆ ಹಿಡಿಯಿರಿ, ಕೆಂಪು-ನೀಲಿ ಕೊಡೆ ತನ್ನ ಬಣ್ಣವನ್ನು ಹಾಳೆಯ ಮೇಲೆ ಚೆಲ್ಲುತ್ತದೆ. ತಂಪು ಕನ್ನಡಕ ತೆಗೆದಿಡಿ.

ಬಣ್ಣಕ್ಕೆ ಮುಂಚೆ ಅಂಗೈಯಗಲದ ಕರಡು, 4ಬಿ ಪೆನ್ಸಿಲಿನಲ್ಲಿ, ಹತ್ತು ನಿಮಿಷ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಮೂರೇ ಮಟ್ಟ ಉಳಿಯುತ್ತವೆ: ಬೆಳಕು, ನಡುವಿನದು, ಕತ್ತಲು. ಆ ಮೂರನ್ನಷ್ಟೇ ಬಿಡಿಸಿ. ನೆರಳಿನ ಗೆರೆಯನ್ನೂ ಆಗಲೇ ಗುರುತು ಹಾಕಿ ಅಲ್ಲಿಗೇ ನಿಲ್ಲಿಸಿಬಿಡಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆರಳನ್ನು ಬೆನ್ನಟ್ಟಿಕೊಂಡು ತಿದ್ದುತ್ತ ಹೋದರೆ ಎಡಗಡೆಯ ಬಂಡೆಗೆ ಎಂಟು ಗಂಟೆಯ ನೆರಳು, ಬಲಗಡೆಯದಕ್ಕೆ ಹತ್ತರ ನೆರಳು. ಹಾಳೆಯ ಮೇಲಿನ ರೇಖಾಚಿತ್ರಕ್ಕೆ ಎಚ್‌ಬಿ ಸಾಕು, ಹಗುರವಾಗಿ. ರಬ್ಬರ್ ಹಾಕಿ ಉಜ್ಜಿದಲ್ಲಿ ಕಾಗದದ ಮೇಲ್ಪದರ ಹೋಗುತ್ತದೆ, ಆಮೇಲೆ ಬಣ್ಣ ಅಲ್ಲಿ ಇಂಗಿ ಕಲೆಯಾಗುತ್ತದೆ. ಎಷ್ಟು ತೊಳೆದರೂ ಆ ಕಲೆ ಬಿಡದು.

ಇನ್ನು ಗಾಳಿ. ಊರಿನ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲು ಸಾಲಾಗಿ ನಿಂತಿರುವುದು ಸುಮ್ಮನಲ್ಲ. ಪುಸ್ತಕ, ವಿಡಿಯೊಗಳಲ್ಲಿ ಹೇಳುವ ‘ಹಸಿಯ ಮೇಲೆ ಹಸಿ’ ವಿಧಾನ (ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಹಚ್ಚುವುದು) ಇಲ್ಲಿ ಬೇಸಿಗೆಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಆಕಾಶದ ವಾಶ್, ಅಂದರೆ ನೀರಾದ ಬಣ್ಣದ ತೆಳು ಪದರ, ಅರ್ಧಕ್ಕೆ ಬರುವಷ್ಟರಲ್ಲಿ ಮೇಲಿನ ಅಂಚು ಒಣಗಿ ಗಟ್ಟಿ ಗೆರೆ ಬಿದ್ದಿರುತ್ತದೆ. ಹಾಳೆಯ ಎರಡೂ ಬದಿ ನೀರು ಹಚ್ಚಿ, ಬೋರ್ಡಿಗೆ ಅಂಟಿಸಿ ಕೂತರೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಬಣ್ಣವನ್ನು ಮೊದಲೇ ಧಾರಾಳವಾಗಿ, ನೀರು ಮಜ್ಜಿಗೆಯಷ್ಟು ತೆಳುವಾಗಿ ಕಲಸಿಟ್ಟುಕೊಳ್ಳಬೇಕು. ನಡುವೆ ಮತ್ತೆ ಕಲಸಲು ನಿಂತಿರೋ, ಕೆಟ್ಟಿತು. ಬೋರ್ಡಿನ ಹಿಂಬದಿಗೆ ಎರಡು ಬೆರಳು ದಪ್ಪದ ಕಲ್ಲು ಕೊಟ್ಟು ಓರೆ ಮಾಡಿದರೆ ಬಣ್ಣದ ನೀರು ಕೆಳಗಂಚಿನಲ್ಲಿ ಸಾಲುಗಟ್ಟುತ್ತದೆ. ಆ ಸಾಲನ್ನು ಬ್ರಷ್‌ನಿಂದ ಕೆಳಕೆಳಗೆ ಎಳೆದುಕೊಂಡು ಬರುವುದೇ ವಾಶ್. ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ.

ಎಲ್ಲರನ್ನೂ ಕಾಡುವ ಇನ್ನೊಂದು ಕಲೆ ಇದೆ. ಚೆನ್ನಾಗಿ ಬಂದಿದ್ದ ವಾಶಿನ ನಡುವೆ ಹಲ್ಲುಹಲ್ಲು ಅಂಚಿನ ಬಿಳಿ ಮಚ್ಚೆ. ವಾಶ್ ಅರ್ಧ ಒಣಗಿದಾಗ ಅದಕ್ಕಿಂತ ಹೆಚ್ಚು ನೀರಿರುವ ಬ್ರಷ್ ತಾಗಿದರೆ ಆ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ಅಂಚಿನಲ್ಲಿ ಗುಡ್ಡೆಯಾಗುತ್ತವೆ. ತಪ್ಪಿಸಲು ಹಾಳೆಯನ್ನು ಪಕ್ಕದಿಂದ ಓರೆಗಣ್ಣಲ್ಲಿ ನೋಡಿ. ಮೈ ಮಿರುಗುತ್ತಿದ್ದರೆ ಬಣ್ಣ ಸೇರಿಸಬಹುದು. ಮಿರುಗು ಆರಿ ಮಂಕಾಗಿದ್ದರೆ ಕೈ ಇಡಬೇಡಿ. ಒಣಗಿತೇ ಎಂದು ತಿಳಿಯಲು ಬೆರಳಿನ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಒಳಗಿನ್ನೂ ಹಸಿ. ಒಣಗಿದ ಬಣ್ಣ ಹಸಿಯಾಗಿದ್ದಾಗಿನದಕ್ಕಿಂತ ತೆಳುವಾಗುತ್ತದೆ, ಆದ್ದರಿಂದ ಬೇಕಾದದ್ದಕ್ಕಿಂತ ಒಂದು ಮಟ್ಟ ಗಾಢವಾಗಿಯೇ ಹಚ್ಚಬೇಕು.

ಬಂಡೆಗೆ ಬರೋಣ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಇವೆರಡೇ ಸಾಕು. ನೀಲಿ ಹೆಚ್ಚಾದರೆ ನೆರಳಿನ ತಣ್ಣನೆ ಬೂದಿ, ಸಿಯೆನ್ನಾ ಹೆಚ್ಚಾದರೆ ಬಿಸಿಲಿನ ಬೆಚ್ಚನೆ ಬೂದಿ, ನೀರು ಕಡಿಮೆ ಮಾಡಿದರೆ ಕಪ್ಪಿಗೆ ತೀರ ಹತ್ತಿರ. ಅಲ್ಟ್ರಾಮರೀನಿನ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ತರಿತರಿಯಾಗುತ್ತವೆ, ಕಗ್ಗಲ್ಲಿನ ಮೈ ತಾನಾಗಿ ಬರುತ್ತದೆ. ಪ್ರಷ್ಯನ್ ನೀಲಿ ಬಳಸಿದರೆ ಈ ಲಾಭವಿಲ್ಲ. ಅದು ಕಾಗದಕ್ಕೆ ಹಿಡಿದುಕೊಂಡರೆ ತೊಳೆದರೂ ಬಿಡದು. ಮೊದಲು ಬೆಳಕಿನ ಭಾಗಕ್ಕೆ ತೀರ ತೆಳು ಸಿಯೆನ್ನಾ, ತುದಿಯಲ್ಲಿ ಒಂದಿಷ್ಟು ಬರೀ ಕಾಗದ. ಅದು ಒಣಗಿದ ಮೇಲೆ ನೆರಳು, ಒಂದೇ ಸಲಕ್ಕೆ. ದುಂಡು ಬಂಡೆಯಲ್ಲಿ ಅತಿ ಗಾಢ ಜಾಗ ಬೆಳಕು-ನೆರಳು ಸೇರುವ ಗಡಿಯ ಪಕ್ಕದಲ್ಲಿರುತ್ತದೆ. ಬುಡದತ್ತ ಹೋದಂತೆ ನೆರಳು ಮತ್ತೆ ತುಸು ಬೆಳಗುತ್ತದೆ, ಬಿಸಿಲು ಬಿದ್ದ ನೆಲದಿಂದ ಬೆಳಕು ಚಿಮ್ಮಿ ಹೊಟ್ಟೆಗೆ ತಾಗುವುದರಿಂದ. ನೆಲದ ಮಣ್ಣು ಕೆಂಪಾಗಿದ್ದರೆ ಅಲ್ಲಿ ಸಿಯೆನ್ನಾದ ಛಾಯೆ ನಿಚ್ಚಳ. ಇದನ್ನು ನೋಡದೆ ಕೆಳಗಿನವರೆಗೂ ಒಂದೇ ಸಮ ಕಪ್ಪು ಬಳಿದರೆ ಬಂಡೆ ಚಪ್ಪಟೆ.

ಗುಂಪಿನಲ್ಲಿ ಒಬ್ಬರು ಇಷ್ಟನ್ನೂ ಸರಿಯಾಗಿ ಮಾಡಿದ್ದರು. ಕೋಟೆ ನೋಡಲು ಬಂದಿದ್ದ ಅಜ್ಜಿಯೊಬ್ಬರು ಬೆನ್ನ ಹಿಂದೆ ನಿಂತು, “ಕಲ್ಲೇನೋ ಚೆನ್ನಾಗೈತೆ ಕಣಮ್ಮ, ನೆಲದ ಮೇಲೆ ಕುಂತಂಗೆ ಇಲ್ವಲ್ಲ” ಅಂದರು. ಬಂಡೆ ನೆಲಕ್ಕೆ ತಾಗುವ ಸಂದಿನಲ್ಲಿ ಒಂದು ಸಣ್ಣ, ಎಲ್ಲಕ್ಕಿಂತ ಗಾಢವಾದ ಗೆರೆ ಬಿಟ್ಟುಹೋಗಿತ್ತು. 6ನೇ ನಂಬರಿನ ಬ್ರಷ್‌ನಲ್ಲಿ ಅದನ್ನು ಎಳೆದ ಕೂಡಲೇ ಬಂಡೆ ಕೂತಿತು. ಗೆರೆ ಉದ್ದಕ್ಕೂ ಒಂದೇ ದಪ್ಪ ಇರಬಾರದು, ಅಲ್ಲಲ್ಲಿ ತುಂಡಾಗಬೇಕು. ಪ್ರೇಕ್ಷಕರ ಕಾಟ ಎಂದು ಗೊಣಗುವವರಿಗೆ ಹೇಳುತ್ತೇನೆ: ಇಷ್ಟು ಸರಿಯಾದ ವಿಮರ್ಶೆ ಪ್ರದರ್ಶನಗಳಲ್ಲೂ ಸಿಗುವುದಿಲ್ಲ.

ಕೋಟೆ ಗೋಡೆಯದು ಬೇರೆ ಪರದಾಟ. ಗಾರೆಯಿಲ್ಲದೆ ಕೂರಿಸಿದ ದೊಡ್ಡ ಕಲ್ಲುಗಳು, ಒಂದರಂತೆ ಒಂದಿಲ್ಲ. ಪ್ರತಿ ಕಲ್ಲಿನ ಸುತ್ತ ಗೆರೆ ಎಳೆದರೆ ಗೋಡೆ ಸಪ್ಪೆ. ಇಡೀ ಗೋಡೆಗೆ ಒಂದೇ ವಾಶ್ ಕೊಟ್ಟು, ಒಣಗಿದ ಮೇಲೆ ಹತ್ತಿರದ ಐದಾರು ಕಲ್ಲುಗಳ ಸಂದು ಮಾತ್ರ ಬಿಡಿಸಿ, ದೂರ ಹೋದಂತೆ ಬಿಟ್ಟುಬಿಡಿ; ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಕಲ್ಲು ಸೀಳಲು ಬೆಣೆ ಹೊಡೆದ ಸಾಲು ಗುಳಿಗಳು ಕೆಲವೆಡೆ ಕಾಣುತ್ತವೆ. ಹತ್ತಿರದ ಒಂದು ಕಲ್ಲಿನ ಮೇಲೆ ಮೂರ್ನಾಲ್ಕು ಚುಕ್ಕೆ ಇಟ್ಟರೆ ಇದು ದುರ್ಗದ್ದೇ ಗೋಡೆ ಎಂದು ಗೊತ್ತಾಗುತ್ತದೆ. ಒರಟು ಮೈಗೆ ಬ್ರಷ್‌ ಅನ್ನು ಬಟ್ಟೆಗೆ ಒತ್ತಿ ನೀರು ತೆಗೆದು, ಮಲಗಿಸಿ ಸವರಬೇಕು. ಇದನ್ನು ಒಂದೆರಡು ಕಡೆ ಮಾಡಿದರೆ ಚೆಂದ, ಎಲ್ಲೆಡೆ ಮಾಡಿದರೆ ತುರಿಕೆ ಹತ್ತಿದ ಹಾಗಿರುತ್ತದೆ.

ಅಕ್ಕ-ತಂಗಿ ಹೊಂಡದ ಬಳಿ ಕೂತವರಿಗೆ ಪ್ರತಿಬಿಂಬದ್ದೇ ಚಿಂತೆ. ಕಂಡ ವಸ್ತುವಿನ ನೇರ ಕೆಳಗೇ ಅದರ ಬಿಂಬ, ಅತ್ತಿತ್ತ ಸರಿಯುವುದಿಲ್ಲ. ನೀರಿನಲ್ಲಿ ಗಾಢವಾದದ್ದು ಒಂದಿಷ್ಟು ತೆಳು, ಬೆಳಕಿನದು ಒಂದಿಷ್ಟು ಮಬ್ಬು. ಹೊಸಬರಿಗೆ ಇದು ಬೇಡ, ಮೊದಲು ದಾವಣಗೆರೆಯ ಕುಂದವಾಡ ಕೆರೆ ದಂಡೆಯಲ್ಲಿ ಅಭ್ಯಾಸ ಮಾಡಿಕೊಂಡು ಬರಲಿ.

ಹತ್ತೂವರೆ ದಾಟಿದರೆ ನೆರಳು ಬುಡಕ್ಕೆ ಸೇರಿಕೊಂಡು ಬಂಡೆಗಳೆಲ್ಲ ಒಂದೇ ಸಮ. ಆಗ ಬ್ರಷ್ ಕೆಳಗಿಡಿ. ಮೊಬೈಲಿನಲ್ಲಿ ಚಿತ್ರದ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಮೂರು ಮಟ್ಟ ಬೇರೆಬೇರೆಯಾಗಿ ಕಂಡರೆ ಇನ್ನು ಮುಟ್ಟುವುದು ಬೇಡ. ಎಲ್ಲ ಒಂದೇ ಬೂದಿಯಾಗಿದ್ದರೆ ಕತ್ತಲಿನ ಒಂದೆರಡು ಜಾಗ ಮಾತ್ರ ಗಾಢ ಮಾಡಿ, ಬೆಳಕಿನದನ್ನು ಕೆದಕಬೇಡಿ. ಬ್ರಷ್ ತೊಳೆದು ತುದಿ ಚೂಪು ಮಾಡಿ ಮಲಗಿಸಿ ಇಡಿ. ಹಾಳೆಯ ಹಿಂಬದಿ ತಾರೀಖು, ಗಂಟೆ, ಕೂತ ಜಾಗ ಬರೆದಿಡಿ. ಮುಗಿಯದಿದ್ದರೆ ವಾರ-ಹತ್ತು ದಿನದೊಳಗೆ ಅದೇ ಹೊತ್ತಿಗೆ ಬಂದು ಕೂರಿ. ತಿಂಗಳು ಬಿಟ್ಟು ಬಂದರೆ ಸೂರ್ಯನ ದಾರಿಯೇ ಬದಲಾಗಿ, ನೆರಳು ಬೇರೆ ಬಂಡೆಯ ಮೇಲೆ ಬಿದ್ದಿರುತ್ತದೆ.