ಚರ್ಚಿನ ಪಾರ್ಕಿಂಗಿನಲ್ಲಿ

ಬಲಿಪೂಜೆ ಮುಗಿಸಿ ಹೊರಗೆ ಬಂದರೆ ಪಾರ್ಕಿಂಗ್ ತುಂಬಾ ಹಳೇ ಕಾರುಗಳು. ನ್ಯೂಯಾರ್ಕ್ ಅಂದ್ರೆ ಎಲ್ಲರಿಗೂ ಸಬ್‌ವೇ ನೆನಪಾಗುತ್ತೆ, ಅಲ್ವಾ? ನಾವಿರುವುದು ರಾಜ್ಯದ ಇನ್ನೊಂದು ತುದಿ. ಇಲ್ಲಿ ಹಸು, ಸೇಬಿನ ತೋಟ, ಹಿಮ. ಬಸ್ಸು ಅಪರೂಪ. ಹಾಲು ಕರೆಯುವ, ಹಣ್ಣು ಕೀಳುವ ಎಷ್ಟೋ ಜನ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರು. ಹಲವರ ಹತ್ತಿರ ವಲಸೆ ಕಾಗದಪತ್ರ ಇಲ್ಲ. ಆದರೂ ಕೆಲಸಕ್ಕೆ, ಆಸ್ಪತ್ರೆಗೆ, ಪೂಜೆಗೆ ಕಾರು ಬೇಕೇ ಬೇಕು.

2007ರಲ್ಲಿ ಗವರ್ನರ್ ಸ್ಪಿಟ್ಜರ್ ಇಂಥವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡಲು ಹೊರಟು, ಗಲಾಟೆಯಾದ ಮೇಲೆ ಕೈಬಿಟ್ಟರು. 2019ರ ಜೂನ್‌ನಲ್ಲಿ, ಕಾಗದಪತ್ರ ಇಲ್ಲದವರಿಗೂ ಲೈಸೆನ್ಸ್ ಕೊಡುವ 'ಗ್ರೀನ್ ಲೈಟ್' ಕಾನೂನು ಬಂತು. ಅದಕ್ಕೆ ಬೆಂಬಲ ಕೊಟ್ಟವರಲ್ಲಿ ನಮ್ಮ ಬಿಷಪರ ಪರವಾಗಿ ಮಾತಾಡುವ ಕ್ಯಾಥೊಲಿಕ್ ಕಾನ್ಫರೆನ್ಸ್ ಕೂಡ ಇತ್ತು. ಅದೇ ವರ್ಷ ಜನವರಿಯಲ್ಲಿ ಗರ್ಭಪಾತದ ಹಕ್ಕು ಹೆಚ್ಚಿಸುವ ಕಾನೂನಿಗೆ, ಇದನ್ನು ತಂದ ಶಾಸಕರ ಜೊತೆಗೇ ಕಾನ್ಫರೆನ್ಸಿನ ಜಗಳ; ಜೂನ್‌ನಲ್ಲಿ ಇಬ್ಬರೂ ಒಂದೇ ಕಡೆ! ನನಗೇನೋ ಇದು ಇಷ್ಟವಾಯಿತು.

ಲೈಸೆನ್ಸ್ ಸುಮ್ನೆ ಸಿಗಲ್ಲ. ಕಣ್ಣಿನ ಪರೀಕ್ಷೆ, ಬರಹದ ಪರೀಕ್ಷೆ, ರೋಡ್ ಟೆಸ್ಟ್ ಎಲ್ಲವೂ ಇದೆ. ರೋಡ್ ಟೆಸ್ಟಿನಲ್ಲಿ ನಾನೇ ಎರಡು ಸಲ ಫೇಲ್. ಆ ಚಳಿಗಾಲ ಪೂರ್ತಿ ಹಾಲು ತರೋಕೂ ಪಕ್ಕದ ಮನೆಯವರ ಬಾಗಿಲು ತಟ್ಟುತ್ತಿದ್ದೆ.