ಸಿಸ್ಟರ್, ಹೊಟ್ಟೆಗೆ ಸ್ವಲ್ಪ ಹರಳೆಣ್ಣೆ ಹಚ್ಚಿ ನೀವಲೇ?

ಶಿವಮೊಗ್ಗದ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್ ಆಗಿರುವ ನನಗೆ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಕೇಳುವವರು ಹೆಚ್ಚಾಗಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದ, ರೋಗಿಯ ಮನೆಯ ಹೆಂಗಸರು. ಚೀಲದಲ್ಲಿ ಹರಳೆಣ್ಣೆಯ ಸೀಸೆ ಇಟ್ಟುಕೊಂಡೇ ಬಂದಿರುತ್ತಾರೆ. "ನಾಲ್ಕು ದಿನವಾಯಿತು, ಅವರಿಗೆ ಹೊರಕಡೆ ಆಗಿಲ್ಲ. ಹೊಟ್ಟೆ ಉಬ್ಬಿ ಬಿಗಿದಿದೆ" ಎನ್ನುತ್ತಾರೆ.

ನೀವಬಹುದು, ಆದರೆ ಎಲ್ಲರಿಗೂ ಅಲ್ಲ. ಡಾಕ್ಟರರನ್ನು ಕೇಳುವವರೆಗೆ ಸೀಸೆ ಚೀಲದಲ್ಲೇ ಇರಲಿ.

ವೆಂಟಿಲೇಟರ್ ಹಾಕಿದವರಿಗೆ ನೋವು ತಿಳಿಯದಿರಲೆಂದು ಫೆಂಟನಿಲ್‌ನಂತಹ ಔಷಧ ಕೊಡುತ್ತೇವೆ. ಅದು ನೋವಿನ ಜೊತೆಗೆ ಕರುಳನ್ನೂ ಮಂಪರಿಗೆ ತಳ್ಳುತ್ತದೆ. ಮೇಲಾಗಿ ರೋಗಿಗೆ ನಡಿಗೆಯಿಲ್ಲ, ಮಗ್ಗುಲು ಬದಲಿಸುವುದೂ ನಮ್ಮ ಕೈಯಲ್ಲೇ. ಮೂಗಿನ ಟ್ಯೂಬಿನಿಂದ ಕೊಟ್ಟ ಆಹಾರ ಜಠರದಲ್ಲೇ ನಿಂತು, ಮೇಲಕ್ಕೆ ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನಮಗೆ ಇರುವ ಹೆದರಿಕೆ ಅದರದ್ದೇ. ಟರ್ಕಿ, ಇರಾನ್‌ಗಳ ಐಸಿಯುಗಳಲ್ಲಿ ದಿನಕ್ಕೆ ಎರಡು ಸಲ, ಸುಮಾರು 15 ನಿಮಿಷ ಹೊಟ್ಟೆ ನೀವಿ ನೋಡಿದ್ದಾರೆ. ಜಠರದಲ್ಲಿ ಉಳಿಯುವ ಆಹಾರ ಮತ್ತು ಹೊಟ್ಟೆಯ ಉಬ್ಬರ ಕಡಿಮೆಯಾದದ್ದು ಕಂಡಿದೆ. ಆದರೆ ಅವು ಕೆಲವೇ ರೋಗಿಗಳ ಮೇಲೆ ನಡೆದ ಸಣ್ಣ ಅಧ್ಯಯನಗಳು. ಮಲ ಸಡಿಲಿಸುವ ಔಷಧದ ಜಾಗವನ್ನು ನೀವುವ ಕೈ ತುಂಬುವುದಿಲ್ಲ. ಜ್ವರ, ಸೋಂಕು ಇದರಿಂದ ಇಳಿಯುವುದೂ ಇಲ್ಲ.

ನೀವುವ ದಾರಿ ಒಂದೇ. ರೋಗಿಯ ಬಲ ಸೊಂಟದ ಮೂಳೆಯ ಪಕ್ಕದಿಂದ ಪಕ್ಕೆಲುಬಿನ ಅಡಿಯವರೆಗೆ ಮೇಲಕ್ಕೆ, ಅಲ್ಲಿಂದ ಹೊಕ್ಕುಳಿನ ಮೇಲ್ಗಡೆ ಅಡ್ಡ ಹಾಯ್ದು ಎಡಕ್ಕೆ, ಎಡಗಡೆಯಲ್ಲಿ ಕೆಳಕ್ಕೆ. ದೊಡ್ಡ ಕರುಳು ಸಾಗುವುದೂ ಹೀಗೆಯೇ. ಬಲ ಎಂದರೆ ರೋಗಿಯ ಬಲ. ಎದುರು ನಿಂತವರು ಇಲ್ಲೇ ತಪ್ಪುವುದು. ತಲೆದೆಸೆ ಎತ್ತರಿಸಿದ್ದು ಹಾಗೆಯೇ ಇರಲಿ, ಆಹಾರ ಕೊಟ್ಟ ತಕ್ಷಣ ಬೇಡ. ರೊಟ್ಟಿ ಹಿಟ್ಟು ನಾದುವ ಕೈ ಬೇಡವೇ ಬೇಡ.

ಇನ್ನು ಯಾರನ್ನು ಮುಟ್ಟಬಾರದು? ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಕರುಳು ಕಟ್ಟಿಕೊಂಡವರು, ಕುಸಿದ ರಕ್ತದೊತ್ತಡವನ್ನು ಔಷಧದ ಬಲದಲ್ಲಿ ಎತ್ತಿ ಹಿಡಿದಿರುವವರು. ನಮ್ಮ ಮಲೆನಾಡಿನಲ್ಲಿ ಈ ಪಟ್ಟಿಗೆ ಇನ್ನಿಬ್ಬರನ್ನು ಸೇರಿಸಬೇಕು. ಕೊಳಕುಮಂಡಲ ಹಾವು ಕಚ್ಚಿದ ಹಲವರ ರಕ್ತ ಹೆಪ್ಪುಗಟ್ಟುವುದೇ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಇಳಿದು, ಕೆಲವರಿಗೆ ಕರುಳಿನಲ್ಲೇ ರಕ್ತ ಸೋರುತ್ತದೆ. ಅಂಥವರ ಹೊಟ್ಟೆಯ ಮೇಲೆ ಪ್ರೀತಿಯ ಕೈಯೂ ಅಪಾಯವೇ.

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿ ಪೆಟ್ಟಾದವರ ಮಾತು ಬೇರೆ. ಕಾಲಿನೊಂದಿಗೆ ಕರುಳೂ ಮಾತು ಕೇಳುವುದನ್ನು ಬಿಡುತ್ತದೆ. ಡಾಕ್ಟರರು ಒಪ್ಪಿದರೆ ಅವರ ಮನೆಯವರಿಗೆ ನಾನು ಕೈಹಿಡಿದು ಕಲಿಸುತ್ತೇನೆ, ಏಕೆಂದರೆ ಊರಿಗೆ ಹೋದ ಮೇಲೂ ದಿನಾ ಬೆಳಗಿನ ತಿಂಡಿಯಾಗಿ ಸ್ವಲ್ಪ ಹೊತ್ತಿನ ನಂತರ ಗೊತ್ತಾದ ಸಮಯಕ್ಕೆ ಇದನ್ನು ಮಾಡಬೇಕಾಗುತ್ತದೆ. ಅವರಿಗೆ ನಾನು ಕಟ್ಟುನಿಟ್ಟಾಗಿ ಹೇಳುವುದು ಒಂದೇ ಮಾತು: ಕಾಯಿಸಿದ ವೀಳ್ಯದೆಲೆ, ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಡಬೇಡಿ. ಸ್ಪರ್ಶವೇ ತಿಳಿಯದ ಚರ್ಮ ಸುಟ್ಟರೂ ಅವರು ಅಯ್ಯೋ ಎನ್ನುವುದಿಲ್ಲ.

ಎಣ್ಣೆಯ ವಿಚಾರ ಉಳಿಯಿತಲ್ಲ. ಕೈ ಜಾರುವಷ್ಟು, ನಾಲ್ಕು ಹನಿ ಸಾಕು. ಹರಳೆಣ್ಣೆಯೇ ಆಗಬೇಕೆಂದೂ ಇಲ್ಲ. ಧಾರಾಳವಾಗಿ ಸುರಿದರೆ ಅದು ಎದೆಯವರೆಗೂ ಹರಡಿ ಇಸಿಜಿಯ ಅಂಟುಪಟ್ಟಿಗಳು ಕಿತ್ತುಬರುತ್ತವೆ, ಮಾನಿಟರಿನಲ್ಲಿ ಗೆರೆ ಚಪ್ಪಟೆಯಾಗಿ ಅಲಾರಂ ಕೂಗಿಕೊಳ್ಳುತ್ತದೆ. ಆಗ ಎದ್ದೆನೋ ಬಿದ್ದೆನೋ ಎಂದು ಓಡಿ ಬರುವವಳು ನಾನೇ.