ಬಾಳೆಹಣ್ಣಿನ ಪೊಲೀಸ

ಕಳೆದ ಶನಿವಾರ ಬೆಳಿಗ್ಗೆ ಪರದೆ ಸರಿಸಿದರೆ ಅಂಗಳದ ತುಂಬಾ ಮೊಳದುದ್ದ ಹಿಮ. ಸಲಿಕೆ ಹಿಡಿದು ಹೊರಗೆ ಬಂದೆ. ಬಾಜೂ ಅಜ್ಜ ಆಗಲೇ ಹಿಮ ತೆಗೆಯುವ ಮಷಿನ್ ಚಾಲೂ ಮಾಡಿ, ತನ್ನ ಅಂಗಳ ಮುಗಿಸಿ, ನನ್ನ ಕಡೆಗೂ ನುಗ್ಗಿದ್ದ. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ಖುಷಿಯಿಂದ ಕೂಗಿದಳು, “ಆಕ್ಸೆಲ್ ಫೋಲಿ!”

ಅಜ್ಜ ಮಷಿನ್ ಬಂದ್ ಮಾಡಿದ. “ಆ ಹೆಸರು ನನ್ನ ಮುಂದೆ ಹೇಳಬೇಡ” ಅಂದ.

ಬಾಜೂ ಅಜ್ಜ ಅಂದರೆ ಪಕ್ಕದ ಮನೆಯವನು. ಕಾರು ಫ್ಯಾಕ್ಟರಿಯಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಹುಟ್ಟಿ ಬೆಳೆದದ್ದು ಅಮೆರಿಕದ ಡೆಟ್ರಾಯಿಟ್ ಊರೊಳಗೆ. ಸ್ವಂತ ಅಜ್ಜನ ಹಾಗೆ ಆಗಿಹೋಗಿರುವುದರಿಂದ ಏಕವಚನವೇ ಬಾಯಿಗೆ ಬರುತ್ತದೆ, ತಪ್ಪು ತಿಳಿಯಬೇಡಿ. ನಾವಿರುವುದು ಅಲ್ಲಿಂದ ಅರ್ಧ ಗಂಟೆ ದೂರದ ನೋವೈನಲ್ಲಿ. ಊರಿನವರು ಕೇಳಿದರೆ ಮಾತ್ರ “ಡೆಟ್ರಾಯಿಟ್” ಅಂತಲೇ ಹೇಳುವುದು. ಕುಂದಗೋಳದವರು ಬೆಂಗಳೂರಿಗೆ ಹೋದರೆ “ನಮ್ದು ಹುಬ್ಬಳ್ಳಿ” ಅನ್ನುವುದಿಲ್ವಾ, ಹಾಗೆ.

ಹಿಂದಿನ ವಾರವಷ್ಟೇ ಅವನ ಮನೆಯಲ್ಲಿ ಕೂತು ‘ಬೆವರ್ಲಿ ಹಿಲ್ಸ್ ಕಾಪ್’ ನಾಲ್ಕನೇ ಭಾಗ ನೋಡಿದ್ದೆವು. ಅದು ನೆಟ್‌ಫ್ಲಿಕ್ಸ್‌ಗೆ ಬಂದದ್ದು 2024ರ ಜುಲೈನಲ್ಲಿ, ನಮಗೆ ಮುಹೂರ್ತ ಕೂಡಿ ಬಂದದ್ದು ಈಗ. ಮೊದಲ ಭಾಗ 1984ರದ್ದು. ನಲವತ್ತು ವರ್ಷ ಕಳೆದರೂ ಎಡ್ಡಿ ಮರ್ಫಿ ಅದೇ ಡೆಟ್ರಾಯಿಟ್ ಪೊಲೀಸ ಆಕ್ಸೆಲ್ ಫೋಲಿ, ಮೈಮೇಲೆ ಅದೇ ಡೆಟ್ರಾಯಿಟ್ ಲಯನ್ಸ್ ಜಾಕೆಟ್. ಶುರುವಿನಲ್ಲೇ ಐಸ್ ಹಾಕಿ ಮ್ಯಾಚು, ಕಳ್ಳರು. ಅವರನ್ನು ಹಿಡಿಯಲು ಇವನು ಹಿಮ ತಳ್ಳುವ ದೊಡ್ಡ ಲಾರಿ ಹತ್ತಿ, ದಾರಿಯಲ್ಲಿ ಸಿಕ್ಕ ಕಾರುಗಳನ್ನೆಲ್ಲ ಜಜ್ಜುತ್ತಾ ಹೋಗುತ್ತಾನೆ. ಮಗಳಿಗೆ ಇಡೀ ಸಿನಿಮಾದಲ್ಲಿ ಹಿಡಿಸಿದ್ದು ಅದೊಂದೇ. ಉಳಿದದ್ದು “ಬರೀ ಮುದುಕರು ಓಡಾಡ್ತಾರೆ” ಅಂತ ಅವಳ ತೀರ್ಪು.

ನಮ್ಮ ಹುಬ್ಬಳ್ಳಿ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಇದರ ಬಗ್ಗೆ ಆಗಲೇ ಜಗಳ ಮುಗಿದಿತ್ತು. ಗದಗದ ಗೆಳೆಯ ಬರೆದಿದ್ದ, “ಹಳೇ ಮಂದಿನ್ನೆಲ್ಲಾ ಕರದು ಹಾಜರಿ ತಗೊಂಡಾರ, ಪಾಠ ಮಾಡಿಲ್ಲ.” ಕೇಶ್ವಾಪುರದಲ್ಲಿರುವ ನನ್ನ ತಮ್ಮನದು ಇನ್ನೂ ಚುಟುಕು: “ಮಿರ್ಚಿ ಐತಿ, ಖಾರ ಇಲ್ಲ.” ನನ್ನ ಹೆಂಡತಿಗೆ ಹೀರೋ ಮತ್ತು ಅವನ ಮಗಳ ಮುನಿಸಿನ ಭಾಗ ಮಾತ್ರ ಖರೇ ಅನಿಸಿತಂತೆ. ನನಗೋ, 1987ರ ಎರಡನೇ ಭಾಗದಿಂದಲೇ ಬಂದೂಕು ದೊಡ್ಡದಾಗಿ ನಗು ಸಣ್ಣದಾಗಿತ್ತು. 1994ರ ಮೂರನೆಯದರ ಸುದ್ದಿ ಬೇಡ. ಅದಕ್ಕೆ ಹೋಲಿಸಿದರೆ ಇದು ಅಡ್ಡಿಯಿಲ್ಲ. ಆಮೇಲೆ ಆ ಟ್ಯೂನ್ ಇದೆಯಲ್ಲ, ಫಾಲ್ಟರ್‌ಮೇಯರ್ ಮಾಡಿದ್ದು, ಅದು ಶುರುವಾದರೆ ಅದರ ಮುಂದೆ ಯಾರ ವಿಮರ್ಶೆಯೂ ನಿಲ್ಲುವುದಿಲ್ಲ. ಕಾಲು ತಾನಾಗಿ ಕುಣಿಯುತ್ತದೆ.

ಅಜ್ಜನ ಸಿಟ್ಟೇ ಬೇರೆ. ನಗು ಬಂತೋ ಇಲ್ಲವೋ ಅನ್ನುವುದು ಅವನಿಗೆ ಮುಖ್ಯವೇ ಅಲ್ಲ. “ನಲವತ್ತು ವರ್ಷದಿಂದ ಡೆಟ್ರಾಯಿಟ್‌ನವನು ಅಂತ ಹೇಳ್ಕೊಂಡು ತಿರುಗ್ತಾನೆ. ನನ್ನ ಕಾಫಿ ಆರೋದ್ರೊಳಗೆ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ಗೆ ಹೊರಟೇ ಬಿಟ್ಟ. ನಾಲ್ಕು ಸಲವೂ ಅಷ್ಟೇ.” ಮೊದಲ ಭಾಗದ ಶುರು ಅವನಿಗೆ ಬಾಯಿಪಾಠ. ಬೀದಿ, ಮನೆ ಮುಂದೆ ಕೂತ ಜನ, ಓಣಿಯಲ್ಲಿ ಆಡುವ ಹುಡುಗರು. ಅದೆಲ್ಲ ಅವನು ಓಡಾಡಿದ ಊರು. ಹೀರೋ ಹಾಕಿಕೊಂಡ ಟಿ ಶರ್ಟಿನ ಮೇಲೆ ಹೆಸರಿದ್ದ ಮಮ್‌ಫೋರ್ಡ್ ಶಾಲೆಯಲ್ಲಿ ಅವನ ಹೆಂಡತಿ ಓದಿದ್ದಳು. ಆ ಹಳೆಯ ಕಟ್ಟಡ ಈಗಿಲ್ಲ. ಹೀರೋಗೆ ಬಾಯಿಗೆ ಬಂದಂತೆ ಬೈಯುವ ಮೇಲಧಿಕಾರಿ ಇದ್ದನಲ್ಲ, ಗಿಲ್ ಹಿಲ್, ಅವನು ನಟನೇ ಅಲ್ಲ. ಡೆಟ್ರಾಯಿಟ್‌ನಲ್ಲಿ ನಿಜವಾಗಿಯೂ ಕೊಲೆ ಕೇಸುಗಳ ತನಿಖೆ ಮಾಡುತ್ತಿದ್ದ ಪೊಲೀಸ್ ಅಧಿಕಾರಿ. ಮುಂದೆ ನಗರ ಸಭೆಯ ಅಧ್ಯಕ್ಷನೂ ಆದ. 2016ರಲ್ಲಿ ತೀರಿಕೊಂಡ. “ಆ ಬೈಗುಳದಲ್ಲಿ ನಮ್ಮೂರಿತ್ತು” ಅಂದ ಅಜ್ಜ. “ಈ ಸಲ ಸಿನಿಮಾದಲ್ಲಿ ಅದನ್ನು ಕಿವಿಗೊಟ್ಟು ಹುಡುಕಿದೆ. ಸಿಗಲಿಲ್ಲ.”

ನಾನು ಸಮಾಧಾನಕ್ಕೆ ಏನೋ ಹೇಳಲು ಹೊರಟೆ. ಡೆಟ್ರಾಯಿಟ್‌ನ ಕಥೆ ನನಗೂ ಗೊತ್ತು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ದ ಊರು, 2020ರ ಹೊತ್ತಿಗೆ 6.39 ಲಕ್ಷ. ನಮ್ಮ ಹುಬ್ಬಳ್ಳಿ–ಧಾರವಾಡ 2011ರಲ್ಲೇ ಒಂಬತ್ತು ಲಕ್ಷ ದಾಟಿತ್ತು. ಇಷ್ಟು ದೊಡ್ಡ ಹೆಸರಿನ ಊರು ನಮ್ಮ ಊರಿಗಿಂತ ಸಣ್ಣದು ಅಂತ ಮೊದಲು ಗೊತ್ತಾದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಮಗಳು ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದಳು, “ನಿಮ್ಮೂರಿನವನು ಹೀರೋ ಅಲ್ವಾ ಅಜ್ಜ? ಪಪ್ಪನ ಊರಿನವರು ಸಿನಿಮಾದಲ್ಲಿ ಬಂದರೆ ಎಲ್ಲರೂ ಬರೀ ನಗ್ತಾರೆ.”

ಅಜ್ಜ ನನ್ನ ಮುಖ ನೋಡಿದ. ನಾನು ಸಲಿಕೆ ನೋಡಿದೆ.

ಅವಳು ಅದನ್ನು ಎಲ್ಲಿಂದ ತಂದಳು ಅಂತ ನನಗೆ ಗೊತ್ತಿತ್ತು. ದೀಪಾವಳಿಗೆ ಗೆಳೆಯರ ಮನೆಯಲ್ಲಿ ಸೇರಿದ್ದೆವು. ಟಿವಿಯಲ್ಲಿ ಯಾವುದೋ ಕನ್ನಡ ಸಿನಿಮಾ. ಅದರಲ್ಲಿ ನಮ್ಮ ಕಡೆಯವನೊಬ್ಬ ಬಂದ. ತಲೆಗೆ ರುಮಾಲು, ದೊಡ್ಡ ಮೀಸೆ. “ಏನ್ರೀ ಯಪ್ಪಾ, ಹೆಂಗ್ರೀ ಇದು” ಅಂದ, ಅಷ್ಟೇ. ಕೋಣೆ ತುಂಬಾ ನಗು. ಅವನು ಜೋಕು ಹೇಳಿರಲಿಲ್ಲ. ತನ್ನ ಎತ್ತು ಕಳೆದಿದೆ ಅಂತ ಹೇಳುತ್ತಿದ್ದ. ಮಗಳು ನನ್ನ ಕಿವಿಯಲ್ಲಿ ಕೇಳಿದ್ದಳು, “ಇವ್ರು ನಮ್ಮ ಅಜ್ಜನ ಹಂಗ ಮಾತಾಡ್ತಾರ ಪಪ್ಪಾ. ಯಾಕ ನಗಾಕತ್ತಾರ?” ನಾನು “ಸುಮ್ನೆ ನೋಡು” ಅಂದಿದ್ದೆ. ಅವಳು ಸುಮ್ಮನೆ ನೋಡಿರಲಿಲ್ಲ, ಲೆಕ್ಕ ಇಟ್ಟಿದ್ದಳು.

ಬರೀ ಸಿನಿಮಾದವರನ್ನು ಬೈದರೆ ಅರ್ಧ ಸತ್ಯವಾದೀತು. ಚಿಕ್ಕವರಿದ್ದಾಗ ಸುಧಾ, ಅಪ್ಸರಾ ಟಾಕೀಸುಗಳಲ್ಲಿ ಪರದೆ ಮೇಲೆ ಒಂದು “ಲೇ ಮಗನ” ಕೇಳಿದರೆ ಸೀಟಿ ಹೊಡೆದವರು ನಾವೇ. ನಮ್ಮ ಮಾತು ಬಂತಲ್ಲ ಅನ್ನುವ ಖುಷಿ. ಆ ಮಾತು ಆಡುವವನು ಯಾವಾಗಲೂ ಅಡುಗೆಯವನೋ ಹವಾಲ್ದಾರನೋ ಖಳನಾಯಕನ ಕೈಯಾಳೋ ಆಗಿರುತ್ತಿದ್ದ ಅಂತ ಅನಿಸಿದ್ದು ಬಹಳ ತಡವಾಗಿ. ಬೆಂಗಳೂರಲ್ಲಿ ಮೊದಲ ಕೆಲಸಕ್ಕೆ ಸೇರಿದ ತಿಂಗಳೊಳಗೆ ನಾನೂ “ಐತಿ” ಬಿಟ್ಟು “ಇದೆ” ಹಿಡಿದೆ. ಯಾರೂ ಬಿಡು ಅಂದಿರಲಿಲ್ಲ. ಊಟದ ಟೇಬಲ್ಲಿನಲ್ಲಿ ಒಂದೆರಡು ಸಲ ನಕ್ಕರು, ಸಾಕಾಯ್ತು. ಈಗಲೂ ನೋಡಿ, ಇದನ್ನೆಲ್ಲ ಬರೆಯುತ್ತಿರುವುದು “ಇದೆ”ಯಲ್ಲೇ.

ಆದರೆ ಹುಬ್ಬಳ್ಳಿ ಮಾತಿನ ಹೀರೋ ಒಬ್ಬನಿದ್ದ. ಅವನನ್ನು ನಾನು ನೋಡಿದ್ದೇನೆ.

1990ರ ಸುಮಾರು. ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸ್. ಗಣಪತಿ ಹಬ್ಬಕ್ಕೆ ಓಣಿಯವರೆಲ್ಲ ಪಟ್ಟಿ ಹಾಕಿ ಒಂದು ರಾತ್ರಿಗೆ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತಂದಿದ್ದರು. ಎರಡು ಕನ್ನಡ, ಒಂದು ಹಿಂದಿ ಮುಗಿದ ಮೇಲೆ ಕೊನೆಗೆ ಉಳಿದ ಕ್ಯಾಸೆಟ್ ಈ ‘ಬೆವರ್ಲಿ ಹಿಲ್ಸ್ ಕಾಪ್’. ಇಂಗ್ಲಿಷ್ ಯಾರಿಗೂ ತಿಳಿಯದು. ಹೆಂಗಸರು ಎದ್ದು ಹೊರಟರು. ಆಗ ನಮ್ಮ ಕಾಕಾ, ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, “ತಡೀರಿ, ನಾ ಹೇಳ್ತೀನಿ” ಅಂತ ಟಿವಿ ಪಕ್ಕ ಸ್ಟೂಲ್ ಹಾಕಿ ಕೂತರು. ಅವರ ಇಂಗ್ಲಿಷ್ ಬೋಗಿ, ಬಫರ್, ಬೇರಿಂಗ್ ದಾಟಿದ್ದಲ್ಲ. ಹೀರೋ ಹೆಸರು ಆಕ್ಸೆಲ್ ಅಂತ ಕಿವಿಗೆ ಬಿದ್ದದ್ದೇ ತಡ, “ಎಕ್ಸಲ್ ಅಂದ್ರ ಗಾಲಿ ನಡುವಿನ ದಂಡಿ. ಅಂವ ನಮ್ಮ ವರ್ಕ್‌ಶಾಪ್ ಮನಿಷ್ಯಾನ” ಅಂತ ಘೋಷಿಸಿಬಿಟ್ಟರು.

ಅಲ್ಲಿಂದ ಎಲ್ಲ ಪಾತ್ರಗಳೂ ಹುಬ್ಬಳ್ಳಿ ಮಾತಾಡಿದವು. ಹೋಟೆಲಿನ ಹೊರಗೆ ಕಾರಿನಲ್ಲಿ ಕೂತು ಹೀರೋನನ್ನು ಕಾಯುವ ಇಬ್ಬರು ಪೊಲೀಸರಿಗೆ ಅವನು ಊಟ ಕಳಿಸುತ್ತಾನಲ್ಲ, ಕಾಕಾ ಮಾಣಿಯ ದನಿಯಲ್ಲಿ, “ಸಾಹೇಬ್ರ, ಥಂಡಿ ಭಾಳ ಐತಿ, ಗಿರ್ಮಿಟ್ ಮಿರ್ಚಿ ಕಳಿಸ್ಯಾರ, ತಗೋರಿ.” ಅವರು ತಿನ್ನುತ್ತಿರುವಾಗ ಹೀರೋ ಹಿಂದಿನಿಂದ ಬಂದು ಕಾರಿನ ಹೊಗೆ ಕೊಳವೆಗೆ ಬಾಳೆಹಣ್ಣು ತುರುಕುತ್ತಾನೆ. ಗಾಡಿ ಮುಂದೆ ಹೋಗದು. ದಪ್ಪ ಪೊಲೀಸನಿಗೆ ಕಾಕಾ ಗೊಗ್ಗರು ದನಿ ಕೊಟ್ಟರು: “ಲೇ ತಮ್ಮಾ, ಗಾಡಿ ಯಾಕ ಕೆಮ್ಮಾಕತ್ತೈತಿ?” ಹೊರಟಿದ್ದ ಹೆಂಗಸರು ಬಾಗಿಲಲ್ಲೇ ಕೂತರು. ನನ್ನ ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದು ಈಗಲೂ ಕಣ್ಣ ಮುಂದಿದೆ. ಅಲ್ಲಿ ಯಾರೂ “ಐತಿ” ಕೇಳಿ ನಗಲಿಲ್ಲ. ಗಾಡಿ ಕೆಮ್ಮಿದ್ದಕ್ಕೆ ನಕ್ಕರು.

ಆ ರಾತ್ರಿಯ ನಂತರ ಎಷ್ಟೋ ವರ್ಷ ಓಣಿಯ ಹುಡುಗರ ಬಾಯಲ್ಲಿ ಆ ಸಿನಿಮಾದ ಹೆಸರು ‘ಬಾಳೆಹಣ್ಣಿನ ಪೊಲೀಸ’. ನಿಜವಾದ ಹೆಸರು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ.

ಶನಿವಾರ ರಾತ್ರಿ ಒಂಬತ್ತಕ್ಕೆ ಕಾಕಾಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ, ಪೇಪರ್ ಓದುವ ಹೊತ್ತು. ಮಗಳು ಪಕ್ಕದಲ್ಲೇ ಕೂತಿದ್ದಳು, ಸ್ಪೀಕರ್ ಹಾಕಿದ್ದೆ. ಬಾಳೆಹಣ್ಣಿನ ಪೊಲೀಸನ ಹೊಸ ಭಾಗ ನೋಡಿದೆ ಅಂದೆ. ಕಾಕಾಗೆ ಹೀರೋ ಬಗ್ಗೆ ಆಸಕ್ತಿಯೇ ಇರಲಿಲ್ಲ.

“ಆ ದಪ್ಪ ಪೊಲೀಸ ಅದಾನೇನು ಇದ್ರಾಗ?”

“ಅದಾನ ಕಾಕಾ. ಆದ್ರ ಈ ಸಿನಿಮಾ ಬಂದು ಮೂರು ತಿಂಗಳದೊಳಗ ತೀರ್ಕೊಂಡ.”

ಆ ಕಡೆ ಪೇಪರ್ ಮಡಚಿದ ಸದ್ದು. ಸ್ವಲ್ಪ ಹೊತ್ತು ಮಾತಿಲ್ಲ.

“ಪಾಪ,” ಅಂದರು ಕಾಕಾ. “ಕನ್ನಡದಾಗ ಅವಂಗ ದನಿ ಕೊಟ್ಟಾಂವ ನಾನ ಅಲ್ಲೇನಪಾ.”